ಟೇಬಲ್ ಫ್ಯಾನು ಬರೆಯದ ಚೀಟಿ

ಒಂದು ಆಫೀಸಿನ ಮೇಜಿನ ಮೇಲಿದ್ದ ಟೇಬಲ್ ಫ್ಯಾನಿಗೆ ಫುಟ್‌ಬಾಲ್ ಹುಚ್ಚು ಹಿಡಿಯಿತು. "ಫೈನಲ್‌ನಲ್ಲಿ ಗೆಲ್ಲುವುದು ನೀಲಿ ತಂಡವೋ, ಕೆಂಪು ತಂಡವೋ? ಎಲ್ಲರೂ ಚೀಟಿ ಬರೆದು ಕೊಡಿ. ಸರಿಯಾಗಿ ಹೇಳಿದವರಿಗೆ ಕಿಟಕಿ ಪಕ್ಕದ ಜಾಗ," ಎಂದು ಸಾರಿತು. ಸ್ಟೇಪ್ಲರ್ ಬರೆಯಿತು, ಗೋಂದಿನ ಬಾಟಲಿ ಬರೆಯಿತು. ಗುಂಡಗಿನ ಪೇಪರ್‌ವೇಟ್ ತಾನೂ ಒಂದು ಬರೆದು, ಎಲ್ಲ ಚೀಟಿಗಳ ಮೇಲೆ ಕುಳಿತುಕೊಂಡಿತು.

ಬರೆಯದೆ ಉಳಿದದ್ದು ಫ್ಯಾನು ಒಂದೇ. ನೀಲಿ ಎಂದು ಬರೆಯ ಹೊರಟರೆ ಕೆಂಪು ಗೆದ್ದುಬಿಟ್ಟರೇನು ಗತಿ ಎಂಬ ದಿಗಿಲು. ಕೆಂಪು ಎಂದರೆ ನೀಲಿಯ ದಿಗಿಲು. ಕತ್ತು ಆ ಕಡೆ ಈ ಕಡೆ ತಿರುಗಿತೇ ಹೊರತು ಎಲ್ಲೂ ನಿಲ್ಲಲಿಲ್ಲ. ಆಟ ಶುರುವಾಗುವ ಹೊತ್ತಾಯಿತು.

"ಗುಂಡಣ್ಣ, ಒಂಚೂರು ಜರುಗಪ್ಪ. ಹೆಚ್ಚು ಜನ ಯಾವ ಕಡೆ ಇದ್ದಾರೆ ಅಂತ ನೋಡಿ ನಾನೂ ಬರೆದುಬಿಡುತ್ತೇನೆ."

"ಜರುಗಿದರೆ ನಿನ್ನ ಗಾಳಿಗೆ ಒಂದೂ ಉಳಿಯುವುದಿಲ್ಲ, ಮಾರಾಯ."

"ಉಸಿರು ಬಿಗಿಹಿಡಿಯುತ್ತೇನೆ, ನಿನ್ನಾಣೆ!"

ಕಾಟ ತಾಳಲಾರದೆ ಪೇಪರ್‌ವೇಟ್ ಜರುಗಿತು. ಫ್ಯಾನು ಉಸಿರು ಹಿಡಿದದ್ದು ಅರೆಗಳಿಗೆ ಮಾತ್ರ. ಚೀಟಿಗಳೆಲ್ಲ ಕಿಟಕಿಯಾಚೆ ಹಾರಿಹೋದವು.

ಸಂಜೆ ನೀಲಿ ತಂಡ ಗೆದ್ದಿತು.

"ನಾನು ನೀಲಿ ಅಂತಲೇ ಬರೆದಿದ್ದೆ!" ಎಂದಿತು ಸ್ಟೇಪ್ಲರ್. "ನಾನೂ!" ಎನ್ನುತ್ತ ಗೋಂದಿನ ಬಾಟಲಿ ಆಗಲೇ ಕಿಟಕಿಯತ್ತ ಹೊರಟಿತ್ತು. "ನಾನು ಬರೆದದ್ದು ಕೆಂಪು," ಎಂದು ಹೇಳಿ ಪೇಪರ್‌ವೇಟ್ ಕೂತಲ್ಲೇ ಕೂತಿತು.

"ಬರೆಯದಿದ್ದರೇನು, ನನ್ನ ಮನಸ್ಸಿನಲ್ಲಿ ಇದ್ದದ್ದೂ ನೀಲಿಯೇ," ಎಂದಿತು ಫ್ಯಾನು. ಹಾಗೆನ್ನುವಾಗಲೂ ಅದರ ಕತ್ತು ಮಾತ್ರ ‘ಅಲ್ಲ, ಅಲ್ಲ’ ಎಂದು ಆಡುತ್ತಲೇ ಇತ್ತು.