ಫ್ಲಾಸ್ಕನ್ನು ಕೇಳದೆ ಹಾರಿದ ಕಂಪ್ಯೂಟರ್

ಡೇಟಾ ಸೆಂಟರಿನ ದೊಡ್ಡ ಕಂಪ್ಯೂಟರ್ ಬಾಹ್ಯಾಕಾಶಕ್ಕೆ ಹೊರಟು ನಿಂತಿತ್ತು. "ಇಲ್ಲಿ ನನ್ನ ಮೈ ತಣಿಸಲು ಊರಿನ ನೀರೆಲ್ಲ ಸಾಲದು. ಮೇಲೆ ಕೊರೆಯುವ ಚಳಿಯಂತೆ, ಸುಮ್ಮನಿದ್ದರೂ ತಣ್ಣಗಿರುತ್ತೇನೆ" ಎಂದು ಕೊಚ್ಚಿಕೊಂಡಿತು.

ಎ.ಸಿ. ಮೆಕ್ಯಾನಿಕ್ ಹಾಲಪ್ಪನ ಕಾಫಿ ಫ್ಲಾಸ್ಕಿಗೆ ತಡೆಯಲಾಗಲಿಲ್ಲ. "ಅಯ್ಯಾ, ನನ್ನ ಎರಡು ಗೋಡೆಗಳ ನಡುವೆ ಏನೂ ಇಲ್ಲ, ಗಾಳಿ ಕೂಡ ಇಲ್ಲ. ಅದಕ್ಕೇ ಬೆಳಗ್ಗೆ ತುಂಬಿದ ಕಾಫಿ ಮಧ್ಯಾಹ್ನವೂ ನಾಲಿಗೆ ಸುಡುತ್ತದೆ. ಮೇಲೂ ಹಾಗೆಯೇ ಗಾಳಿಯಿಲ್ಲ, ನಿನ್ನ ಬಿಸಿ ನಿನ್ನಲ್ಲೇ ಉಳಿದುಬಿಡುತ್ತದೆ. ಬಿಸಿ ಹೊರಹಾಕಲು ಅಗಲವಾದ ರೆಕ್ಕೆಗಳನ್ನಾದರೂ ಕಟ್ಟಿಕೊಂಡು ಹೋಗು."

"ರೆಕ್ಕೆ ಬಲು ಭಾರ. ಕಾಫಿ ಹೊರುವ ನೀನು ನನಗೆ ಬುದ್ಧಿ ಹೇಳುತ್ತೀಯಾ?"

ಫ್ಲಾಸ್ಕಿಗೆ ಮೈಯೆಲ್ಲ ಉರಿದುಹೋಯಿತು. ಬಿಸಿಯನ್ನು ಹಿಡಿದಿಡುವುದೇ ಹುಟ್ಟು ಕಸುಬಾದ ತನ್ನ ಮಾತಿಗೆ ಇಷ್ಟೂ ಬೆಲೆಯಿಲ್ಲವೇ?

ಕಂಪ್ಯೂಟರ್ ಹಾರಿತು. ಮೂರನೆಯ ದಿನ ಮೇಲಿನಿಂದ ಸಂದೇಶ ಬಂತು: "ಬೆಂದುಹೋಗುತ್ತಿದ್ದೇನೆ! ಒಂದಿಷ್ಟು ಗಾಳಿ ಕಳಿಸಿ!"

"ಗಾಳಿಯಿದ್ದ ಊರು ಬಿಟ್ಟು ಹೋದದ್ದು ಯಾರು?" ಎಂದು ಫ್ಲಾಸ್ಕ್ ಗುಡುಗಿತು. "ಹೇಳಿದಾಗ ನಾನು ಬರೀ ಕಾಫಿ ಹೊರುವವನಾಗಿದ್ದೆನಲ್ಲ!"

ಹಾಲಪ್ಪ ಅದರ ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಂಡ. ಹಬೆಯಾಡುತ್ತಿತ್ತು. ಉಫ್ ಉಫ್ ಎಂದು ಊದಿ, ಆರಿಸಿಕೊಂಡು ಕುಡಿದ.