ಖುದ್ದಾಗಿ ಬಂದವರ ಪಡಿ

"ಗುರುಗಳೇ, ಅರಸರ ಕಣಜಕ್ಕೆ ಬರುವುದಕ್ಕಿಂತ ಹೋಗುವುದೇ ಹೆಚ್ಚಾಗಿದೆ. ಕಂದಾಯ ಏರಿಸಲೋ, ಬಡವರ ಪಡಿ ನಿಲ್ಲಿಸಲೋ?" ಎಂದು ತಿಪ್ಪರಸ ಕೇಳಿದ. ಅವನು ಗುರುಗಳ ಹಳೆಯ ಶಿಷ್ಯ. ಕಣಜದ ಅಧಿಕಾರ ಸಿಕ್ಕಿ ತಿಂಗಳಾಗಿತ್ತು. ಜಗಲಿಯ ಮೇಲೆ ಕೂತಿದ್ದ ಅವನ ಹಿಂದೆ ಒಬ್ಬ ಆಳು ಛತ್ರಿ ಹಿಡಿದು ನಿಂತಿದ್ದ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇನೆ ಅಂದುಕೊಂಡು ಬಂದೆಯಾ? ಅದು ನಿನ್ನ ಅಜ್ಜಿಗೂ ಗೊತ್ತಿತ್ತು. ಕತೆ ಕೇಳು" ಎಂದು ಗುರುಗಳು ಶುರುಮಾಡಿದರು.

ಒಂದು ರಾಜ್ಯದಲ್ಲಿ ಹೀಗೇ ಆಗಿತ್ತು. ಅಲ್ಲಿ ಒಂದು ಪದ್ಧತಿ. ಪಡಿಯ ಪಟ್ಟಿಗೆ ಒಮ್ಮೆ ಸೇರಿದ ಹೆಸರನ್ನು ಯಾರೂ ಹೊಡೆದುಹಾಕುತ್ತಿರಲಿಲ್ಲ. ಒಬ್ಬರ ಅನ್ನಕ್ಕೆ ಕಲ್ಲು ಹಾಕಿದ ಪಾಪ ತಮಗೇಕೆ ಎಂದು ಬರೆಯುವವರು ಹೆದರುತ್ತಿದ್ದರು. ಪುಣ್ಯವಂತರು, ಬಿಡು. ಪಡಿ ಗಾಡಿಯಲ್ಲಿ ಹೋಗುತ್ತಿತ್ತು. ಎಲ್ಲಿಗೆ ಹೋಗುತ್ತಿತ್ತೋ ಗಾಡಿ ಹೊಡೆಯುವವನೇ ಬಲ್ಲ. ಹೊಸ ಹೆಸರು ಸೇರುತ್ತಾ ಹೋದವು, ಹಳೆಯವು ಉಳಿದವು. ಕಣಜದ ತಳ ಕಂಡಿತು. ಕೊನೆಗೆ ಅರಸ, ರೈತರು ಬಿತ್ತನೆಗೆ ಇಟ್ಟುಕೊಂಡ ಭತ್ತವನ್ನೂ ತನ್ನಿ ಎಂದ.

ಒಬ್ಬ ರೈತ ಹೆಂಗಸು ಕಣಜದ ಅಧಿಕಾರಿಯ ಬಾಗಿಲಿಗೆ ಬಂದಳು. "ಈ ವರ್ಷ ಬೀಜ ಕೊಟ್ಟುಬಿಡ್ತೀನಿ ಬುದ್ಧಿ. ಬರೋ ವರ್ಷ ನೀವು ಬಂದಾಗ ಏನು ಕೊಡಲಿ?"

ಅಧಿಕಾರಿಗೆ ನಾಚಿಕೆಯಾಯಿತು. ಅರಸನ ಕಾಲಿಗೆ ಬಿದ್ದು ಒಂದು ತಿಂಗಳ ಗಡುವು ಬೇಡಿದ. ಮರುದಿನ ಡಂಗುರ ಹೊಡೆಸಿದ. ಪಡಿ ಉಣ್ಣುವವರು ಯಾರೇ ಆಗಲಿ, ಈ ತಿಂಗಳು ಖುದ್ದಾಗಿ ಬಂದು ಒಯ್ಯಬೇಕು. ಏಳಲಾರದವರ ಮನೆಗೆ ತಾನೇ ಹೊತ್ತು ತರುವೆನೆಂದ.

ಕಾಲು ಕಳೆದುಕೊಂಡ ಸಿಪಾಯಿ ಕೋಲೂರಿ ಬಂದ. ಸೂಲಗಿತ್ತಿ ಬಂದಳು. ಕಣ್ಣು ಕಾಣದ ಮುದುಕಿ ಸೊಸೆಯ ಕೈಹಿಡಿದು ಬಂದಳು. ಬಂದವರಿಗೆಲ್ಲ ತುಂಬಿದ ಕೊಳಗವೇ ಸಿಕ್ಕಿತು. ಪಟ್ಟಿಯಲ್ಲಿ ಒಂಬತ್ತು ಆನೆಗಳಿದ್ದವು, ಎರಡು ಬಂದವು. ಅಜ್ಜನ ಕಾಲದಲ್ಲೇ ಉರುಳಿದ್ದ ಒಂದು ಮಾವಿನ ಮರಕ್ಕೆ ನಾಲ್ವರು ಕಾವಲುಗಾರರಿದ್ದರು, ಒಬ್ಬನೂ ಬರಲಿಲ್ಲ. ಅರಸನಿಗೆ ಹಾಲೂಡಿಸುವ ದಾದಿಯ ಪಡಿಯೂ ಹಾಗೇ ಉಳಿಯಿತು. ಅರಸನಿಗೆ ಆಗಲೇ ಅರವತ್ತು.

ಎಲ್ಲಕ್ಕಿಂತ ದೊಡ್ಡ ಪಡಿ ಇನ್ನೂ ಒಂದಿತ್ತು. ಅಧಿಕಾರಿ ಅಳುಕುತ್ತಲೇ ಹೇಳಿದ. "ಮಹಾಪ್ರಭು, ತಾವೊಬ್ಬರು ಬಂದಿಲ್ಲ."

ಅರಸ ಸಿಟ್ಟಿನಿಂದಲೇ ಬಂದ. ಒಂದು ಮೂಟೆಗೆ ಹೆಗಲು ಕೊಟ್ಟ, ಹತ್ತು ಹೆಜ್ಜೆ ನಡೆದು ಇಳಿಸಿದ. ತನ್ನ ಪಾಲಿನ ಉಳಿದ ನೂರು ಮೂಟೆಗಳನ್ನು ನೋಡಿ ಅವನಿಗೇ ನಗು ಬಂತು. ಇಷ್ಟೇ ಸಾಕು ಎಂದ.

ಬಿತ್ತನೆ ಭತ್ತ ರೈತರ ಮನೆಯಲ್ಲೇ ಉಳಿಯಿತು. ಆ ಹೆಂಗಸು ಹದ ನೋಡಿ ಬಿತ್ತಿದಳು, ಸುಗ್ಗಿಯಲ್ಲಿ ತಾನೇ ಗಾಡಿ ಹೊಡೆದುಕೊಂಡು ಬಂದು ಕಂದಾಯ ಅಳೆದುಕೊಟ್ಟಳು. ಅಧಿಕಾರಿಗೆ ಎಷ್ಟೋ ದಿನಗಳ ಮೇಲೆ ಅಂದು ಊಟ ಸೇರಿತು.

ತಿಪ್ಪರಸನ ಮುಖ ಅರಳಿತು. "ಬದುಕಿದೆ ಗುರುಗಳೇ. ಯಾರ ಅನ್ನವನ್ನೂ ಕಿತ್ತುಕೊಳ್ಳಬೇಕಾಗಿಲ್ಲ. ನಾಳೆಯೇ ಡಂಗುರ ಹೊಡೆಸುತ್ತೇನೆ" ಎಂದು ಎದ್ದ.

ಗುರುಗಳು ತಲೆ ಎತ್ತಿ ಜಗಲಿಯ ಸೂರನ್ನೊಮ್ಮೆ ನೋಡಿದರು. "ಹೊಡೆಸಪ್ಪ. ಅದಕ್ಕೆ ಮೊದಲು ಹೇಳು, ಸೂರಿನ ಕೆಳಗೆ ನಿನಗೆ ಛತ್ರಿ ಹಿಡಿದಿರುವ ಇವನು ಯಾರ ಪಡಿ ಉಣ್ಣುತ್ತಾನೆ?"