ಮೂಲಂಗಿ ಒಲ್ಲದ ಶಿಷ್ಯೆ

ದೇವೀರಮ್ಮನಿಂದ ಇದು ಆಗದ ಮಾತು ಎಂದು ಮೊದಲು ಹೇಳಿದವನು ಅವಳ ಅಣ್ಣ ಓಂಕಾರಪ್ಪ.

"ಆಶ್ರಮವಾ? ನೀನಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಅಲ್ಲಿ ಬಾಯಿ ಮುಚ್ಚಿಕೊಂಡು ಇರಬೇಕು ಕಣಮ್ಮ. ವಾರದೊಳಗೆ ಆ ಗುರುಗಳೇ ಗಂಟುಮೂಟೆ ಕಟ್ಟಿಕೊಂಡು ಬಸ್ ಹತ್ತುತ್ತಾರೆ."

ಎರಡನೆಯವಳು ಅವಳ ಮೆಸ್ಸಿನ ಅಡುಗೆಯವಳು. "ಬೀಗದ ಕೈ ನನ್ನ ಹತ್ತಿರವೇ ಇರಲಿ ಅಕ್ಕಾ. ಹೇಗೂ ಸೋಮವಾರ ಬಂದುಬಿಡ್ತೀರಲ್ಲ."

ದೇವೀರಮ್ಮ ಇಂಥ ಮಾತಿಗೆಲ್ಲ ಜಗ್ಗುವವಳಲ್ಲ. ಗಂಡ ತೀರಿಕೊಂಡ ಮೇಲೆ ಒಂದು ಸೀಮೆಎಣ್ಣೆ ಸ್ಟೌ ಇಟ್ಟುಕೊಂಡು ಶುರುಮಾಡಿ, ಊರೇ ಬಂದು ಉಣ್ಣುವ ಮೆಸ್ ಕಟ್ಟಿದವಳು. ಓದು ಕಲಿತದ್ದು ಬೋಂಡಾ ಕಟ್ಟಿಕೊಡುವ ಹಳೆಯ ಪೇಪರಿನ ಚೂರುಗಳಿಂದ. ಮೆಸ್ಸನ್ನು ಆ ಅಡುಗೆಯವಳಿಗೇ ಬಿಟ್ಟುಕೊಟ್ಟು ಬೆಟ್ಟ ಹತ್ತಿದಳು.

ಗುರು ಮರುಳಯ್ಯನವರ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಹೊಸಬರಿಗೆ ಒಂದು ತುಂಡು ನೆಲ. ತಾವೇ ಬೆಳೆದದ್ದನ್ನು ತಂದು ಒಪ್ಪಿಸಿದ ದಿನ ಗುರುಗಳು ಕಿವಿಯಲ್ಲಿ ಮಂತ್ರ ಹೇಳುತ್ತಿದ್ದರು. ಅದೇ ದೀಕ್ಷೆ. ದೇವೀರಮ್ಮ ಬಂದದ್ದು ಆ ಮಂತ್ರಕ್ಕಾಗಿ.

"ಮೂಲಂಗಿ ಹಾಕು," ಎಂದರು ಗುರುಗಳು. "ಬೇಗ ಬರುತ್ತದೆ."

"ಮೂಲಂಗಿಯಾ?" ದೇವೀರಮ್ಮನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. "ಯಾರು ಹಾಕಿದರೂ ಬರುತ್ತೆ ಅಯ್ಯಾ ಅದು. ಏನಾದರೂ ಕಷ್ಟದ್ದು ಹೇಳಿ."

ಗುರುಗಳು ಎದುರಿನ ಮಂಜನ್ನು ನೋಡಿದರು. "ಈ ಚಳಿಗೆ ರಾಸ್ಪ್‌ಬೆರಿ ಹಣ್ಣು ಬಂದರೂ ಬಂದೀತು. ಮುಳ್ಳಿನ ಗಿಡ. ತನಗೆ ತೋಚಿದ ಕಡೆ ಹಬ್ಬುತ್ತದೆ. ಯಾರ ಮಾತೂ ಕೇಳುವುದಿಲ್ಲ."

"ಅದೇ ಇರಲಿ."

"ನಿಮ್ಮಿಬ್ಬರಿಗೂ ಹೊಂದಿಕೆಯಾಗುತ್ತದೆ ಬಿಡು."

ಬೆಟ್ಟದ ಬುಡದ ನರ್ಸರಿಯವನು ಎರಡು ಕುಂಡ ತಂದು ಮುಂದಿಟ್ಟ. ಒಂದರಲ್ಲಿ ಹಸಿರು ಕಡ್ಡಿಗಳು, ಬರೀ ಎಲೆ. ಇನ್ನೊಂದರಲ್ಲಿ ಕಂದು ಕಡ್ಡಿ, ತುದಿಯಲ್ಲಿ ಕೆಂಪು ಕೆಂಪು ಹಣ್ಣು.

"ಹಸಿರಿನದ್ದು ತಗೊಳ್ಳಿ ಅಮ್ಮಾ. ಒಂದು ವರ್ಷ ಕಾದರೆ..."

"ಹಣ್ಣು ಬಿಟ್ಟು ಎಲೆ ತಗೊಳ್ಳೋಕೆ ನಾನೇನು ಮೇಕೆಯಾ?"

ಕಂದು ಕಡ್ಡಿಯ ಕುಂಡ ಹೊತ್ತು ಬೆಟ್ಟ ಹತ್ತಿದವಳು, ಕುಂಡ ಇಳಿಸುವ ಮೊದಲೇ ಒಂದು ಹಣ್ಣು ಕಿತ್ತು ಗುರುಗಳ ಮುಂದೆ ಹಿಡಿದಳು.

"ತಗೊಳ್ಳಿ ಅಯ್ಯಾ. ಹಣ್ಣು ಬಂತು. ದೀಕ್ಷೆ ಕೊಡಿ."

ಗುರುಗಳು ಹಣ್ಣನ್ನು ಬಾಯಿಗೆ ಹಾಕಿಕೊಂಡು ಚಪ್ಪರಿಸಿದರು. "ಸೊಗಸಾಗಿದೆ. ಆ ನರ್ಸರಿಯವನನ್ನು ಕಳಿಸು. ಅವನಿಗೆ ದೀಕ್ಷೆ ಕೊಡುತ್ತೇನೆ."

ದೇವೀರಮ್ಮ ಗುದ್ದಲಿ ಹಿಡಿದಳು.

ಗಿಡ ನೆಟ್ಟ ಮೇಲೆ ಅದಕ್ಕೆ ಬೆಳಿಗ್ಗೆ ಒಂದು ಕೊಡ ನೀರು, ಮಧ್ಯಾಹ್ನ ಒಂದು, ಸಂಜೆ ಒಂದು. ಬಂದವರಿಗೆ ಹೊಟ್ಟೆ ತುಂಬಾ ಬಡಿಸಿ ಅಭ್ಯಾಸವಾದ ಕೈ. ಬುಡದಲ್ಲಿ ಕಪ್ಪೆ ಬಂದು ಸೇರಿಕೊಂಡಿತು. ಎಲೆ ಹಳದಿಯಾಯಿತು.

"ಅಯ್ಯಾ, ಇಷ್ಟು ನೀರು ಹಾಕಿದರೂ ಸೊರಗುತ್ತಿದೆಯಲ್ಲ?"

ಗುರುಗಳು ಒಂದು ಬಕೆಟ್ ನೀರು ತರಿಸಿದರು. "ಇದರಲ್ಲಿ ನಿಲ್ಲು. ಭಜನೆ ಮುಗಿಯುವ ತನಕ."

ಅಂದಿನ ಭಜನೆಯನ್ನು ಗುರುಗಳು ಯಾಕೋ ಬಹಳ ಉದ್ದ ಎಳೆದರು. ಮಂಗಳಾರತಿಯ ಹೊತ್ತಿಗೆ ದೇವೀರಮ್ಮನ ಹಲ್ಲು ತಾಳಕ್ಕಿಂತ ಜೋರಾಗಿ ಕಟಕಟ ಎನ್ನುತ್ತಿತ್ತು.

"ಪಾದ ಹೇಗಿದೆ ತಾಯಿ?"

"ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ."

"ನಿನಗೆ ಹೇಳಲು ಬಾಯಿದೆ," ಎಂದು ಗುರುಗಳು ಎದ್ದು ಹೋದರು.

ಮರುದಿನ ಅವಳು ಮರಳು, ಗೊಬ್ಬರ ಸೇರಿಸಿ ಪಾತಿಯನ್ನು ಎತ್ತರಿಸಿದಳು. ನೀರು ಬಸಿದುಹೋಯಿತು. ಗಿಡ ತಲೆಯೆತ್ತಿತು. ಬುಡದಿಂದ ಹಸಿರು ಕಡ್ಡಿಗಳು ಪುತಪುತನೆ ಎದ್ದುವು. ಎಲ್ಲವೂ ಎಲೆ. ಒಂದರಲ್ಲೂ ಹೂವಿಲ್ಲ.

ದೇವೀರಮ್ಮ ಸೊಂಟಕ್ಕೆ ಕೈಯಿಟ್ಟು ಅವನ್ನು ನೋಡಿದಳು. ಮೆಸ್ಸಿನಲ್ಲಿ ಅವಳದು ಒಂದೇ ಕಾನೂನು: ಕೆಲಸ ಮಾಡದವನಿಗೆ ಎಲೆ ಹಾಕುವುದಿಲ್ಲ. ಕತ್ತರಿ ತಂದು ಹಸಿರು ಕಡ್ಡಿಗಳನ್ನೆಲ್ಲ ಬುಡಕ್ಕೇ ಕತ್ತರಿಸಿದಳು. ಹಣ್ಣು ಕೊಟ್ಟಿದ್ದ ಕಂದು ಕಡ್ಡಿಗೆ ಗೊಬ್ಬರ ಹಾಕಿ, ಊರುಗೋಲು ಕಟ್ಟಿ, ಬೆನ್ನು ತಟ್ಟಿದಳು.

ಒಮ್ಮೆ ಹಣ್ಣು ಕೊಟ್ಟ ಕಡ್ಡಿಯ ಆಯಸ್ಸು ಅಷ್ಟೇ; ಕಂದು ಕಡ್ಡಿ ಮತ್ತೆ ಚಿಗುರಲಿಲ್ಲ. ಒಣಗಿತು. ಒಂದು ದಿನ ಕಾಗೆ ಬಂದು ಕೂತದ್ದೇ ಲಟಕ್ಕನೆ ಮುರಿಯಿತು.

ಅವಳು ಮುರಿದ ಕಡ್ಡಿಯನ್ನು ತಂದು ಗುರುಗಳ ಮುಂದೆ ಹಾಕಿದಳು. "ದುಡಿದವನನ್ನು ಉಳಿಸಿಕೊಂಡೆ. ಸೋಮಾರಿಗಳನ್ನು ಓಡಿಸಿದೆ. ನಾನು ಮಾಡಿದ್ದರಲ್ಲಿ ಏನು ತಪ್ಪು ಹೇಳಿ!"

ಗುರುಗಳು ಕಡ್ಡಿಯನ್ನು ಎತ್ತಿ ಒಲೆಯ ಸೌದೆಯ ಮೇಲಿಟ್ಟರು.

ಮಧ್ಯಾಹ್ನದ ಪಂಕ್ತಿಯಲ್ಲಿ ಅವರೇ ಬಡಿಸಲು ಬಂದರು. ದೇವೀರಮ್ಮನ ತಟ್ಟೆಗೆ ಎರಡು ಮುದ್ದೆ ಇಟ್ಟು, ಸಾರು ಸುರಿದರು.

"ನೀನು ಬಂದು ಎಷ್ಟು ಕಾಲವಾಯಿತು ತಾಯಿ?"

"ವರ್ಷ ದಾಟಿತು ಅಯ್ಯಾ."

"ಇಲ್ಲಿಯ ತನಕ ಏನು ಕೊಟ್ಟೆ?"

ಅವಳು ತಟ್ಟೆಯ ಎರಡು ಮುದ್ದೆಗಳನ್ನು ನೋಡಿದಳು.

"ಇನ್ನೊಂದು ಸೌಟು ಹಾಕಲಾ?" ಎಂದರು ಗುರುಗಳು.

ಅಂದು ದೇವೀರಮ್ಮ ಮಾತಿಲ್ಲದೆ ಉಂಡಳು. ಅಕ್ಕಪಕ್ಕದವರು, ಇವಳಿಗೆ ಹುಷಾರಿಲ್ಲವೇನೋ ಎಂದು ಗಾಬರಿಯಾದರು.

ಮಳೆ ಬಂತು. ಬೇರು ಸತ್ತಿರಲಿಲ್ಲ. ಮತ್ತೆ ಹಸಿರು ಕಡ್ಡಿಗಳು ಎದ್ದುವು, ಮತ್ತೆ ಬರೀ ಎಲೆ. ಈ ಸಲ ಅವಳು ಕತ್ತರಿಯನ್ನು ಗುರುಗಳ ಮಂಚದ ಕೆಳಗೆ ಎಸೆದು ಬಂದಳು, ತನ್ನ ಕೈಯನ್ನು ತಾನೇ ನಂಬದೆ. ಕಡ್ಡಿಗಳನ್ನು ತಂತಿಗೆ ಕಟ್ಟಿದಳು. ಮುಳ್ಳು ಗೀರಿತು. ಅವಳು ಬೈದಳು. ಬೈಯುತ್ತಲೇ ಕಟ್ಟಿದಳು. ಚಳಿಗಾಲ ಕಳೆಯಿತು. ಹಸಿರು ಕಡ್ಡಿಗಳು ಕಂದಾದುವು, ಹೂ ಬಿಟ್ಟುವು, ಕಾಯಿ ಕಟ್ಟಿದುವು.

ಕಾಯಿ ನಸುಗೆಂಪಾದದ್ದೇ ತಡ, ದೇವೀರಮ್ಮ ಒಂದನ್ನು ಹಿಡಿದು ಎಳೆದಳು. ಬರಲಿಲ್ಲ. ಇನ್ನೂ ಎಳೆದಳು. ಗೊಂಚಲೇ ಕಿತ್ತು ಬಂತು.

ಹಿಂದೆ ಗುರುಗಳು ನಿಂತಿದ್ದರು. "ಮುಟ್ಟಿ ನೋಡು, ಸಾಕು. ಅದಕ್ಕೆ ಬರುವ ಮನಸ್ಸಾದಾಗ ಬರುತ್ತದೆ."

"ಅದರ ಮನಸ್ಸು ನೋಡಿಕೊಂಡು ನಾನು ಕೂತಿರಬೇಕಾ?"

"ಬೇಡ. ಮೂಲಂಗಿ ಹಾಕು."

ಅವಳು ಕೂತಳು. ದಿನಾ ಮುಟ್ಟಿ ನೋಡಿದಳು. ಪಿಕಳಾರ ಹಕ್ಕಿಗಳೂ ದಿನಾ ಬಂದವು. "ಹೋಗ್ರೋ ಕಳ್ಳ ನನ್ ಮಕ್ಕಳಾ!" ಎಂಬ ಅವಳ ಕೂಗಿಗೆ ಧ್ಯಾನಕ್ಕೆ ಕೂತವರೆಲ್ಲ ಒಟ್ಟಿಗೆ ಕಣ್ಣು ಬಿಡುತ್ತಿದ್ದರು.

ಒಂದು ಬೆಳಿಗ್ಗೆ, ಬೆರಳು ತಾಗಿದ್ದೇ ತಡ, ಹಣ್ಣು ತಾನಾಗಿ ಅಂಗೈಗೆ ಬಿತ್ತು. ಹಣ್ಣಿನ ನಡುವಿನ ಬಿಳಿಯ ದಿಂಡು ಗಿಡದಲ್ಲೇ ಉಳಿಯಿತು.

ಅವಳು ಹಣ್ಣನ್ನು ಗುರುಗಳ ಮುಂದೆ ತಂದಿಟ್ಟಳು. ಗುರುಗಳು ಕಣ್ಣು ಮುಚ್ಚಿ ತಿಂದರು.

"ಈಗ ನಿನ್ನದು ಅಂತ ಏನಿದೆ ತಾಯಿ?"

"ಒಂದು ಸಾಲು ಮುಳ್ಳಿನ ಗಿಡ. ಎರಡು ಸೀರೆ. ಒಂದು ಗುದ್ದಲಿ."

"ಅದಕ್ಕೆ ಏನೇನು ಕೊಟ್ಟೆ?"

"ಮೆಸ್ ಕೊಟ್ಟೆ. ಎರಡು ವರ್ಷ ಕೊಟ್ಟೆ. ಕೈಯ ಚರ್ಮ ಕೊಟ್ಟೆ." ಅವಳು ಸೆರಗು ಸರಿಮಾಡಿಕೊಂಡು ಧ್ವನಿ ತಗ್ಗಿಸಿದಳು. "ನನ್ನ ಮಾತೇ ನಡೆಯಬೇಕು ಅನ್ನೋ ಹಟ ಇತ್ತಲ್ಲ, ಅದನ್ನೂ ಕೊಟ್ಟೆ ಅಯ್ಯಾ."

"ಅದೊಂದು ಇನ್ನೂ ನಿನ್ನ ಹತ್ತಿರವೇ ಇದೆ," ಎಂದರು ಗುರುಗಳು. "ಇರಲಿ, ಹಕ್ಕಿ ಓಡಿಸೋಕೆ ಬೇಕಾಗುತ್ತೆ. ಎಲ್ಲಿ, ಕಿವಿ ಇತ್ತ ತಾ."